ದನ ತರುವ ಮೊದಲು ಕೊಟ್ಟಿಗೆ: ಕಾಡುಗೋಡಿ ಮೆಟ್ರೊ ಡಿಪೋ ಕುರಿತು ನಾಲ್ಕು ಮಾತು

ಕಾಡುಗೋಡಿ, ಚನ್ನಸಂದ್ರ, ಬೆಳತೂರು, ದಿಣ್ಣೂರಿನ ಬಂಧುಗಳೇ,

ಮೆಟ್ರೊ ಎಂದರೆ ನಮ್ಮ ಕಣ್ಣಿಗೆ ಬರುವುದು ನಿಲ್ದಾಣ. ಎಸ್ಕಲೇಟರ್ ಹತ್ತಿದೆವು, ಕಾರ್ಡ್ ಒತ್ತಿದೆವು, ಸೀಟು ಸಿಕ್ಕಿತೋ ಇಲ್ಲವೋ ನೋಡಿಕೊಂಡೆವು. ಆ ರೈಲು ರಾತ್ರಿ ಎಲ್ಲಿ ಮಲಗುತ್ತದೆ, ಬೆಳಿಗ್ಗೆ ಅದರ ಮೈ ತೊಳೆದು ಕಳಿಸುವವರು ಯಾರು ಎಂದು ಕೇಳಿದವರು ಕಡಿಮೆ. ಆ ಕೊಟ್ಟಿಗೆ ನಮ್ಮೂರಲ್ಲೇ ಇದೆ. ಹೆಸರು ಕಾಡುಗೋಡಿ ಡಿಪೋ.

ನಾವು ಹೇಳಹೊರಟಿರುವುದು ಇಷ್ಟೇ. ಈ ಡಿಪೋದ ಒಂದು ಗುಂಟೆಯನ್ನೂ ರೈಲಿನ ಕೆಲಸ ಬಿಟ್ಟು ಬೇರೆಯದಕ್ಕೆ ಕೊಡಬಾರದು. ಕಾಡುಗೋಡಿಯಿಂದ ಆಚೆಗೆ ಹಳಿ ಎಳೆಯುವ ಯೋಜನೆ ಎಂದಾದರೂ ಬಂದರೆ, ನಿಲ್ದಾಣಗಳ ಪಟ್ಟಿಗೆ ಮೊದಲು ಡಿಪೋದ ಜಾಗ ತೋರಿಸಬೇಕು.

ಕೆಲವು ವರ್ಷದ ಹಿಂದಿನದನ್ನು ನೆನಪು ಮಾಡಿಕೊಳ್ಳಿ. 2023ರ ಮಾರ್ಚ್ 25ರಂದು ಪ್ರಧಾನಿಯವರು ಬಂದು ಕೆ.ಆರ್.ಪುರದಿಂದ ವೈಟ್‌ಫೀಲ್ಡ್‌ವರೆಗಿನ ಮಾರ್ಗಕ್ಕೆ ಚಾಲನೆ ಕೊಟ್ಟರು. ಆದರೆ ಕೆ.ಆರ್.ಪುರಕ್ಕೂ ಬೈಯಪ್ಪನಹಳ್ಳಿಗೂ ನಡುವೆ ಹಳಿ ಕೂಡಿರಲಿಲ್ಲ. ಬೆನ್ನಿಗಾನಹಳ್ಳಿಯಲ್ಲಿ ರೈಲ್ವೆ ಹಳಿಗಳ ಮೇಲೆ ಉಕ್ಕಿನ ಗರ್ಡರ್ ಕೂರಿಸುವ ಕೆಲಸ ಬಾಕಿ ಇತ್ತು. ಅಕ್ಟೋಬರ್ 9ರಂದು ಆ ತುಂಡು ತೆರೆಯುವವರೆಗೆ, ಆರು ತಿಂಗಳಿಗೂ ಮೀರಿ, ನಮ್ಮ ಕಡೆಯ ಮೆಟ್ರೊ ನಡುಗಡ್ಡೆಯ ಹಾಗೆ ಒಂಟಿಯಾಗಿ ಓಡಿತು. ಬೋಗಿಗಳನ್ನು ದೊಡ್ಡ ಟ್ರೇಲರುಗಳ ಮೇಲೆ ರಸ್ತೆಯಲ್ಲಿ ತಂದು ಇಲ್ಲಿ ಹಳಿಗೆ ಇಳಿಸಿದ್ದರು. ಅಷ್ಟೂ ದಿನ ಆ ರೈಲುಗಳನ್ನು ತೊಳೆದು, ಬ್ರೇಕ್ ನೋಡಿ, ಬಾಗಿಲು ಸರಿಮಾಡಿ ಬೆಳಿಗ್ಗೆ ಹೊರಗೆ ಬಿಟ್ಟದ್ದು ಕಾಡುಗೋಡಿ. ಈ ಡಿಪೋ ಇಲ್ಲದಿದ್ದರೆ ಆ ಆರು ತಿಂಗಳು ಹದಿಮೂರು ಕಿಲೋಮೀಟರಿನ ಮಾರ್ಗ ಕಂಬಗಳ ಮೇಲೆ ಸುಮ್ಮನೆ ಬಿಸಿಲು ಕಾಯುತ್ತಿತ್ತು. ಉದ್ಘಾಟನೆಯ ಫೋಟೊಗಳಲ್ಲಿ ಡಿಪೋ ಕಾಣಿಸಲಿಲ್ಲ, ಅದು ಬೇರೆ ಮಾತು.

ಇಂಥ ಡಿಪೋದ ಒಳಗೆ ಏನು ನಡೆಯುತ್ತದೆ? ಆರು ಬೋಗಿಯ ಒಂದು ರೈಲು ಸುಮಾರು 130 ಮೀಟರ್ ಉದ್ದ. ಅಂಥವು ಸಾಲಾಗಿ ನಿಲ್ಲಬೇಕಾದರೆ ನೆಲ ಉದ್ದಕ್ಕಿರಬೇಕು, ಮಟ್ಟಸವಾಗಿರಬೇಕು. ಇಳಿಜಾರಿದ್ದರೆ ನಿಂತ ರೈಲು ತಾನಾಗಿ ಜಾರೀತು. ಪರೀಕ್ಷೆಯ ಶೆಡ್ಡಿನಲ್ಲಿ ಹಳಿಯ ಕೆಳಗೆ ಆಳದ ಗುಂಡಿ. ಮೆಕ್ಯಾನಿಕ್ ಅದರೊಳಗೆ ನಿಂತು, ತಲೆಯ ಮೇಲೆ ನಿಂತ ಬೋಗಿಯ ತಳ ನೋಡುತ್ತಾನೆ. ನಮ್ಮ ನೇರಳೆ ಮಾರ್ಗಕ್ಕೆ ಕರೆಂಟು ಬರುವುದು ಮೇಲಿನ ತಂತಿಯಿಂದ ಅಲ್ಲ, ಪಕ್ಕದಲ್ಲೇ ಸಾಗುವ ಮೂರನೇ ಹಳಿಯಿಂದ, 750 ವೋಲ್ಟ್. ಅಲ್ಲಿ ಕೆಲಸ ಮಾಡುವವನು ಮೊದಲು ಮಾಡುವುದು ಆ ಭಾಗದ ಕರೆಂಟು ತೆಗೆಸಿ, ತೆಗೆದದ್ದು ಹೌದೋ ಅಲ್ಲವೋ ಎಂದು ಖಾತ್ರಿ ಮಾಡಿಕೊಳ್ಳುವುದು. ಇನ್ನೊಂದು ಕಡೆ ಬೋಗಿಯನ್ನೇ ಜ್ಯಾಕುಗಳ ಮೇಲೆ ಎತ್ತಿ, ಚಕ್ರದ ಗಾಡಿಯನ್ನು ಬೇರ್ಪಡಿಸುವ ವರ್ಕ್‌ಶಾಪ್.

ಚಕ್ರದ ಲೇತ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಈ ಸಾಲು ಬರೆಯುತ್ತಿರುವವನು ಪೀಣ್ಯದಲ್ಲಿ ಲೇತ್ ಮುಂದೆ ನಿಂತೇ ಅರ್ಧ ಆಯುಸ್ಸು ಕಳೆದವನು. ರೈಲಿನ ಚಕ್ರ ತಿರುವಿನಲ್ಲಿ ಹಳಿಗೆ ಉಜ್ಜಿ ಉಜ್ಜಿ ಅಂಚು ಸವೆಯುತ್ತದೆ. ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಉರುಳದೆ ಜಾರಿದರೆ ಒಂದು ಕಡೆ ಚಪ್ಪಟೆಯಾಗುತ್ತದೆ. ರಾತ್ರಿ ಮೆಟ್ರೊ ಹೋಗುವಾಗ ಟಕಟಕ ಎಂದು ಬಡಿಯುವ ಸದ್ದು ಕೇಳಿದ್ದರೆ ಅದು ಬಹುಶಃ ಇಂಥ ಚಕ್ರವೇ. ಹಾಗಾದಾಗ ಚಕ್ರ ಬಿಚ್ಚುವುದಿಲ್ಲ. ಲೇತೇ ನೆಲದ ಕೆಳಗೆ ಗುಂಡಿಯಲ್ಲಿ ಕೂತಿರುತ್ತದೆ. ರೈಲು ಅದರ ಮೇಲೆ ಬಂದು ನಿಲ್ಲುತ್ತದೆ. ಚಕ್ರ ಜಾಗದಲ್ಲೇ ತಿರುಗುತ್ತದೆ, ಉಕ್ಕು ಸುರುಳಿ ಸುರುಳಿಯಾಗಿ ಕಳಚಿ ಬೀಳುತ್ತದೆ. ಚಪ್ಪಟೆ ಚಕ್ರವನ್ನು ಹಾಗೇ ಬಿಟ್ಟರೆ ಹಳಿಗೂ ಪೆಟ್ಟು, ಕಂಬಕ್ಕೂ ಪೆಟ್ಟು, ಪಕ್ಕದ ಮನೆಯವರ ನಿದ್ದೆಗೂ ಪೆಟ್ಟು. ಡಿಪೋ ಎಂದರೆ ರೈಲು ನಿಲ್ಲಿಸುವ ಪಾರ್ಕಿಂಗ್ ಲಾಟ್ ಎಂದುಕೊಂಡವರು ಈ ಗುಂಡಿಯನ್ನು ಒಮ್ಮೆ ನೋಡಬೇಕು.

ಇದೆಲ್ಲ ನಡೆಯಬೇಕಾದದ್ದು ಕೊನೆಯ ರೈಲು ಬಂದ ಮೇಲೆ, ಮೊದಲ ರೈಲು ಹೊರಡುವ ಮೊದಲು. ಭಾನುವಾರ ಬಿಟ್ಟು ಉಳಿದ ದಿನ ಬೆಳಿಗ್ಗೆ 5ಕ್ಕೆ ಶುರುವಾಗುತ್ತಿದ್ದ ಮೆಟ್ರೊ, ಊರಿಂದ ವಾಪಸು ಬರುವವರಿಗಾಗಿ 2025ರ ಜನವರಿಯಿಂದ ಸೋಮವಾರ 4:15ಕ್ಕೇ ಶುರುವಾಯಿತು. ನಮಗದು ಉಪಕಾರ, ಡಿಪೋದವರಿಗೆ ಮುಕ್ಕಾಲು ಗಂಟೆ ಖೋತಾ. ತುದಿಯಲ್ಲಿ ಡಿಪೋ ಇರದೆ ಎಲ್ಲಾ ರೈಲೂ ಬೈಯಪ್ಪನಹಳ್ಳಿ ಡಿಪೋದಲ್ಲೇ ಮಲಗುವಂತಿದ್ದರೆ, ಇಲ್ಲಿಂದ ಹೊರಡುವ ಒಂದೊಂದು ರೈಲೂ ನಸುಕಿನಲ್ಲಿ ಸುಮಾರು 15 ಕಿಲೋಮೀಟರ್ ಖಾಲಿ ಬರಬೇಕಿತ್ತು, ರಾತ್ರಿ ಮತ್ತೆ ಖಾಲಿ ಹೋಗಬೇಕಿತ್ತು. ಆ ಕರೆಂಟಿನ ಬಿಲ್ಲು ಟಿಕೆಟ್ಟಿನಲ್ಲಿ ನಮ್ಮ ತಲೆಗೇ.

ಇನ್ನು ಜಾಗದ ಮಾತು. ಇಲ್ಲಿ ನಮ್ಮವರೇ ಎರಡು ಗುಂಪಾಗುತ್ತಾರೆ, ಗೊತ್ತು.

ಕಾಡುಗೋಡಿ ಡಿಪೋ ಎದ್ದದ್ದು ಅರಣ್ಯ ಇಲಾಖೆಯ ಕಾಡುಗೋಡಿ ಪ್ಲಾಂಟೇಷನ್ ನೆಲದಲ್ಲಿ. ಅದೇ ಪ್ಲಾಂಟೇಷನ್ನಿನ 120 ಎಕರೆಯನ್ನು 2025ರ ಜೂನ್‌ನಲ್ಲಿ ಅರಣ್ಯ ಇಲಾಖೆ ಮರಳಿ ತನ್ನ ವಶಕ್ಕೆ ತೆಗೆದುಕೊಂಡಿತು. ತಲೆಮಾರುಗಳಿಂದ ಉಳುತ್ತಿದ್ದೇವೆ ಎನ್ನುವ ಕುಟುಂಬಗಳ ಕೂಗೂ ಆಗ ಕೇಳಿಬಂತು. ಊರ ಹೆಸರಲ್ಲೇ ಕಾಡಿರುವ ಜಾಗದಲ್ಲಿ ಉಳಿದದ್ದು ಒಂದು ಟ್ರೀ ಪಾರ್ಕು, ಅದರ ಹೆಸರಿನ ಒಂದು ಮೆಟ್ರೊ ನಿಲ್ದಾಣ. ಮರ ಕಡಿದು ಡಿಪೋ ಕಟ್ಟಿದ್ದು ಸರಿಯೇ ಎಂದು ಕೇಳುವವರಿಗೆ ನಾವು ಕಣ್ಣು ತಪ್ಪಿಸುವುದಿಲ್ಲ. ಬೇಜಾರಿನ ಸಂಗತಿಯೇ. ಆದರೆ ಕೊಟ್ಟಾಯಿತು. ರೈಲಿಗೆಂದು ಕೊಟ್ಟ ಕಾಡಿನ ನೆಲ ನಾಳೆ ಮಾಲ್‌ಗೆ, ಗಾಜಿನ ಆಫೀಸಿಗೆ ಹೋದರೆ ಅದು ಎರಡನೇ ಸಲ ಕಡಿದಂತೆ. ಮುಂದಿನ ಡಿಪೋಗೆ ಕಾಡಿನ, ಕೆರೆಯ ಒಂದು ಅಡಿಯನ್ನೂ ಕೇಳಬಾರದು ಎಂದು ನಾವು ಹೇಳುವುದೂ ಇದೇ ಕಾರಣಕ್ಕೆ.

ಜಾಗ ತಡವಾಗಿ ಹುಡುಕಿದರೆ ಏನಾಗುತ್ತದೆ ಎಂಬುದಕ್ಕೆ ಮುಂಬೈ ನೋಡಿ. ಕೊಲಾಬಾದಿಂದ ಸೀಪ್ಜ್‌ಗೆ ಹೋಗುವ ಮೂರನೇ ಮಾರ್ಗಕ್ಕೆ ಆರೆ ಕಾಲೊನಿಯಲ್ಲಿ ಕಾರ್‌ಶೆಡ್ ಎಂದರು. ಅತ್ತ ಸುರಂಗ ಕೊರೆಯುತ್ತಲೇ ಇದ್ದರು, ಇತ್ತ ಜಗಳ ಬಗೆಹರಿದಿರಲಿಲ್ಲ. 2019ರ ಅಕ್ಟೋಬರ್‌ನಲ್ಲಿ ರಾತ್ರೋರಾತ್ರಿ ಎರಡು ಸಾವಿರಕ್ಕೂ ಹೆಚ್ಚು ಮರ ಉರುಳಿದವು. ಸರ್ಕಾರ ಬದಲಾಯಿತು, 2020ರಲ್ಲಿ ಶೆಡ್ ಕಾಂಜೂರ್‌ಮಾರ್ಗ್‌ಗೆ ಹೋಯಿತು, ಹೈಕೋರ್ಟು ತಡೆ ಕೊಟ್ಟಿತು. ಮತ್ತೆ ಸರ್ಕಾರ ಬದಲಾಯಿತು, 2022ರಲ್ಲಿ ಶೆಡ್ ವಾಪಸು ಆರೆಗೆ. ಮೊದಲ ಹಂತದಲ್ಲಿ ಜನ ಹತ್ತಿದ್ದು 2024ರ ಅಕ್ಟೋಬರ್‌ನಲ್ಲಿ. ಮರವೂ ಹೋಯಿತು, ವರ್ಷಗಳೂ ಹೋದವು.

ನಮ್ಮ ಎಲೆಕ್ಟ್ರಾನಿಕ್ ಸಿಟಿ ಕಡೆಯ ಹಳದಿ ಮಾರ್ಗದ ಕಥೆ ಸ್ವಲ್ಪ ಬೇರೆ. ಅಲ್ಲಿ ಹೆಬ್ಬಗೋಡಿ ಡಿಪೋ ಇತ್ತು, ರೈಲುಗಳೇ ಬರಲಿಲ್ಲ. 2025ರ ಆಗಸ್ಟ್ 10ರಂದು ಮೂರೇ ರೈಲುಗಳೊಂದಿಗೆ, 25 ನಿಮಿಷಕ್ಕೊಂದರಂತೆ ಶುರುಮಾಡಿದರು. ಕಂಬವೂ ನಿಲ್ದಾಣವೂ ಸೇರಿದರೆ ಮೆಟ್ರೊ ಆಗುವುದಿಲ್ಲ ಎಂಬುದಕ್ಕೆ ಇನ್ನೊಂದು ಸಾಕ್ಷಿ ಬೇಕೇ?

ಈಗ ಎದುರು ವಾದ. ‘2025ರ ಫೆಬ್ರವರಿಯಲ್ಲಿ ಟಿಕೆಟ್ ದರ ಏರಿಸಿ ಗರಿಷ್ಠ 60 ರೂಪಾಯಿ ಇದ್ದದ್ದನ್ನು 90 ಮಾಡಿದರು. ಅದರ ಬದಲು ಡಿಪೋ ಜಾಗದಲ್ಲಿ ಕಟ್ಟಡ ಕಟ್ಟಿ ಬಾಡಿಗೆ ತಿನ್ನಲಿ. ಹಾಂಗ್‌ಕಾಂಗ್‌ನವರು ಮಾಡಿಲ್ಲವೇ?’ ಮಾಡಿದ್ದಾರೆ. ಕೌಲೂನ್ ಬೇ ಡಿಪೋದ ಮೇಲೆ ಟೆಲ್‌ಫೋರ್ಡ್ ಗಾರ್ಡನ್ಸ್ ಎಂಬ ದೊಡ್ಡ ಬಡಾವಣೆಯೇ ಇದೆ. ಆದರೆ ಅಲ್ಲಿ ಡಿಪೋ ಮತ್ತು ಮನೆಗಳ ನಕ್ಷೆ ಒಟ್ಟಿಗೆ ಬರೆದದ್ದು. ಮೇಲಿನ ಭಾರ ಹೊರುವ ಕಂಬ ಹಳಿಗಳ ನಡುವೆ ಎಲ್ಲಿ ನಿಲ್ಲಬೇಕೆಂದು ಮೊದಲೇ ಲೆಕ್ಕ ಹಾಕಿದ್ದು. ಓಡುತ್ತಿರುವ ಡಿಪೋದ ನೆತ್ತಿಯ ಮೇಲೆ ಆಮೇಲೆ ಟವರ್ ಕೂರಿಸಹೊರಟರೆ ಕಂಬಕ್ಕಾಗಿ ಹಳಿ ಕೀಳಬೇಕು. ಟಿಕೆಟ್ ದರದ ಸಿಟ್ಟು ನಮಗೂ ಇದೆ. ಅದನ್ನು ಡಿಪೋ ಮಾರಿ ತೀರಿಸಿಕೊಳ್ಳುವುದು ಬಿತ್ತನೆ ಬೀಜ ಬೇಯಿಸಿ ಉಂಡ ಹಾಗೆ.

ಕೋಲ್ಕತ್ತಾದ ಟ್ರಾಮ್ ನೋಡಿ. 1902ರಿಂದ ಕರೆಂಟಿನಲ್ಲಿ ಓಡಿದ ಟ್ರಾಮ್. ಟಾಲಿಗಂಜ್‌ನಂಥ ಡಿಪೋಗಳ ನೆಲದ ತುಂಡುಗಳನ್ನು ‘ಹೆಚ್ಚುವರಿ ಜಾಗ’ ಎಂದು ಹೆಸರಿಟ್ಟು ಹರಾಜಿಗಿಟ್ಟರು. ಡಿಪೋ ಕುಗ್ಗಿತು, ಗಾಡಿ ಕಡಿಮೆಯಾಯಿತು, ಗಾಡಿ ಕಡಿಮೆಯಾದ್ದರಿಂದ ಜನ ಕಡಿಮೆಯಾದರು, ಜನ ಇಲ್ಲ ಎಂಬ ನೆಪದಲ್ಲಿ ಮಾರ್ಗಗಳು ಮುಚ್ಚಿದವು. 2024ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸಾರಿಗೆ ಸಚಿವರು, ಎಸ್ಪ್ಲನೇಡ್–ಮೈದಾನದ ಒಂದು ತುಣುಕು ಬಿಟ್ಟು ಉಳಿದದ್ದೆಲ್ಲ ನಿಲ್ಲಿಸುತ್ತೇವೆ ಎಂದರು. ಕೊಟ್ಟಿಗೆಯ ಹೆಂಚು ಒಂದೊಂದಾಗಿ ಕಿತ್ತು, ಕೊನೆಗೆ ದನ ಸೊರಗಿದೆ ಎಂದು ಕಟುಕನಿಗೆ ಕೊಟ್ಟ ಕಥೆ ಇದು.

ಹೊಸಕೋಟೆಯವರು ಮೆಟ್ರೊ ಕೇಳುತ್ತಿದ್ದಾರೆ, ಕೇಳಲಿ, ಸಿಗಲಿ. ಆ ಹಳಿ ಯಾವ ದಾರಿಯಿಂದ ಬಂದರೂ ಹೆಚ್ಚುವರಿ ರೈಲುಗಳು ಬರುತ್ತವೆ, ಅವು ರಾತ್ರಿ ಎಲ್ಲೋ ಮಲಗಬೇಕು. ಕಂಬದ ಮೇಲಿನ ಹಳಿ ಡಿಪೋ ನೆಲಕ್ಕಿಳಿಯಲು ಉದ್ದನೆಯ ಇಳಿಜಾರು ಬೇಕು: ನೂರು ಮೀಟರಿಗೆ ಮೂರು ಮೀಟರ್ ಇಳಿದರೆ, 12 ಮೀಟರ್ ಎತ್ತರದಿಂದ ಕೆಳಗೆ ಬರಲು 400 ಮೀಟರ್. ಅಕ್ಕಪಕ್ಕ ಅಪಾರ್ಟ್‌ಮೆಂಟ್ ಎದ್ದ ಮೇಲೆ ಅಂಥ ಜಾಗ ಹುಡುಕುವುದು ಕನಸಿನ ಮಾತು. ಇವತ್ತು ಬಯಲಾಗಿರುವ ನೆಲ ಇನ್ನೈದು ವರ್ಷಕ್ಕೆ ಬಯಲಾಗಿ ಉಳಿಯುವುದಿಲ್ಲ. ವರ್ತೂರು ರಸ್ತೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಯೋಜನಾ ವರದಿಯ ಮೊದಲ ಪುಟದಲ್ಲೇ ಡಿಪೋದ ಸರ್ವೆ ನಂಬರು ಇರಲಿ, ನಕ್ಷೆ ಕನ್ನಡದಲ್ಲಿ ಬರಲಿ, ಜಮೀನು ಕೊಡುವವರ ಜೊತೆ ಮಾತುಕತೆ ಟೆಂಡರಿಗೆ ಮೊದಲು ಮುಗಿಯಲಿ.

ಡಿಪೋ ಪಕ್ಕ ಇರುವವರಿಗೆ ತೊಂದರೆ ಇಲ್ಲವೆಂದಲ್ಲ. ನಡುರಾತ್ರಿ ಹಾರ್ನ್, ಕಣ್ಣು ಕುಕ್ಕುವ ದೀಪ. ದೀಪ ಕೆಳಮುಖವಾಗಿರಲಿ, ಗಡಿಗೆ ದಟ್ಟವಾಗಿ ಮರ ಬೆಳೆಸಲಿ. ಕಡಿದವರು ನೆಡುವುದು ನ್ಯಾಯ. ಶೆಡ್ಡುಗಳ ಅಷ್ಟು ದೊಡ್ಡ ಚಾವಣಿಯ ಮಳೆನೀರು ಚರಂಡಿ ಸೇರದೆ ನೆಲಕ್ಕಿಳಿಯಲಿ. ನಮ್ಮ ಐಟಿಐ ಹುಡುಗರು ಹುಡುಗಿಯರು ಗೇಟಿನ ಹೊರಗೆ ಸೆಕ್ಯುರಿಟಿಯಾಗಿ ನಿಂತರೆ ಸಾಲದು, ಒಳಗೆ ಲೇತ್ ಮುಂದೆ ನಿಲ್ಲಬೇಕು. ಇವಿಷ್ಟೂ ಕಷ್ಟದ ಬೇಡಿಕೆಗಳಲ್ಲ.

ಈ ಹಾಳೆಯ ಹಿಂಬದಿ ಖಾಲಿ ಬಿಟ್ಟಿದ್ದೇವೆ. ಅಲ್ಲಿ ನಿಮ್ಮ ಕೈಬರಹದಲ್ಲೇ, ‘ಕಾಡುಗೋಡಿ ಡಿಪೋದ ಜಾಗ ರೈಲಿಗೇ ಇರಲಿ, ಮುಂದಿನ ಮಾರ್ಗಕ್ಕೆ ಡಿಪೋ ಮೊದಲು’ ಎಂದು ಬರೆದು, ಸಹಿ ಹಾಕಿ, ಬೆಂಗಳೂರು ಮೆಟ್ರೊ ರೈಲು ನಿಗಮ, ಬಿಎಂಟಿಸಿ ಸಂಕೀರ್ಣ, ಕೆ.ಎಚ್. ರಸ್ತೆ, ಶಾಂತಿನಗರ, ಬೆಂಗಳೂರು ಎಂಬ ವಿಳಾಸಕ್ಕೆ ಅಂಚೆಗೆ ಹಾಕಿ. ಓದಿ ಆದ ಮೇಲೆ ಹಾಳೆಯನ್ನು ರಸ್ತೆಗೆ ಎಸೆಯಬೇಡಿ, ಪಕ್ಕದ ಮನೆಗೆ ಕೊಡಿ.