ರುಜುವೂ ಸಮ್ಮತಿಯೂ

2023ನೆಯ ಇಸವಿಯ ಜುಲೈ 1ರಂದು ಭಾರತ ಸರಕಾರವು ಸಿಕಲ್ ಸೆಲ್ ರಕ್ತಹೀನತೆಯ ನಿರ್ಮೂಲನಕ್ಕೆ ಕೈಯಿಕ್ಕಿ, ನಮ್ಮ ಕರ್ನಾಟಕವೂ ಸೇರಿ 17 ರಾಜ್ಯಗಳಲ್ಲಿ 7 ಕೋಟಿ ಜನರ ರಕ್ತವನ್ನು ಪರೀಕ್ಷಿಸುವ ಸಂಕಲ್ಪವನ್ನು ಮಾಡಿತು. ಥಲಸ್ಸೇಮಿಯಾ ಮೊದಲಾದ ಆನುವಂಶಿಕ ರಕ್ತರೋಗಗಳ ಸಲುವಾಗಿ ಗರ್ಭಿಣಿಯರನ್ನು ಮೊದಲ ತಿಂಗಳುಗಳಲ್ಲಿಯೇ ಪರೀಕ್ಷಿಸಬೇಕೆಂದು ಕೇಂದ್ರದ ಆರೋಗ್ಯ ಖಾತೆಯು 2016ರಲ್ಲಿಯೇ ಸೂಚಿಸಿತ್ತು. ಉದ್ದೇಶವು ಸ್ತುತ್ಯವಾದುದು. ಆದರೆ ಇಂಥ ಕಾರ್ಯಗಳ ಯಶಸ್ಸನ್ನು ಎಷ್ಟು ಜನರ ರಕ್ತವನ್ನು ತೆಗೆಯಲಾಯಿತೆಂಬ ಲೆಕ್ಕದಿಂದಲೇ ಅಳೆಯುವ ರೂಢಿಯುಂಟು. ಎಷ್ಟು ಜನ ಸ್ತ್ರೀಯರು ತಿಳಿದು ಒಪ್ಪಿದರು, ಎಷ್ಟು ಜನರು ತಿಳಿದು ಒಲ್ಲೆವೆಂದರು ಎಂಬ ಲೆಕ್ಕವನ್ನು ಇಡುವವರಾರು?

ವಾಹಕರು ರೋಗಿಗಳಲ್ಲ, ದುಡಿದು ಉಣ್ಣುವ ಆರೋಗ್ಯವಂತರೇ. ಗಂಡಹೆಂಡಿರಿಬ್ಬರೂ ವಾಹಕರಾಗಿದ್ದರೆ ಮಾತ್ರ ಪ್ರತಿಯೊಂದು ಬಸುರಿನಲ್ಲಿಯೂ ಕೂಸಿಗೆ ರೋಗವು ಬರುವ ಸಂಭವವು ನಾಲ್ಕರಲ್ಲಿ ಒಂದು ಪಾಲು. ಥಲಸ್ಸೇಮಿಯಾ ಪೂರ್ಣವಾಗಿ ತಗಲಿದ ಕೂಸಿಗೆ ಕೆಲವು ವಾರಗಳಿಗೊಮ್ಮೆ ಪರರ ರಕ್ತವನ್ನು ಏರಿಸುತ್ತಿರಬೇಕು. ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವ ನಮ್ಮ ನಾಡಿನಲ್ಲಿ ಈ ಭಯವು ಇನ್ನೂ ಹೆಚ್ಚು. ಆದಕಾರಣ ಪರೀಕ್ಷೆಯೇ ಬೇಡವೆನ್ನುವವರು ನಾವಲ್ಲ.

ದೂಧಗಂಗಾ ವೇದಗಂಗೆಗಳ ಸೀಮೆಯ ಭೋಜದಂಥ ಊರಿನ ಚೊಚ್ಚಲ ಬಸುರಿಯೊಬ್ಬಳನ್ನು ವಾಚಕರು ಕಣ್ಣಮುಂದೆ ತಂದುಕೊಳ್ಳಲಿ. ಅತ್ತೆಯ ಹಿಂದೆ ಆಸ್ಪತ್ರೆಗೆ ಬಂದಿದ್ದಾಳೆ. ಮನೆಯ ಮಾತು ಕನ್ನಡವೋ ಮರಾಠಿಯೋ. ಮುಂದಿಟ್ಟ ಕಾಗದವು ಇಂಗ್ಲಿಷು. “ಇಲ್ಲಿ ಸಹಿ ಮಾಡವ್ವಾ” ಎಂದರೆ ಮಾಡುತ್ತಾಳೆ. ಮುಂದೆ ಅವಳು ವಾಹಕಳೆಂದು ತಿಳಿದರೆ, ಗಂಡನ ರಕ್ತವನ್ನು ನೋಡುವ ಮೊದಲೇ ‘ಕೆಟ್ಟ ರಕ್ತದವಳು’ ಎಂಬ ಅಪವಾದವು ತವರಿಗೆ ಮುಟ್ಟೀತು. ತಂಗಿಯ ಲಗ್ನಕ್ಕೂ ವಿಘ್ನವಾದೀತು. ಇದು ಬರಿಯ ಅಂಜಿಕೆಯೆನ್ನುವವರು ಗ್ರೀಸ್ ದೇಶದ ಆರ್ಖೊಮೆನೋಸ್ ಊರಿನ ವೃತ್ತಾಂತವನ್ನು ನೋಡಲಿ. ಅಲ್ಲಿಯ ಜನರಿಗೆ ಸಿಕಲ್ ಸೆಲ್ ಪರೀಕ್ಷೆ ಮಾಡಿದುದರ ಫಲವು 1970ರ ದಶಕದಲ್ಲಿ ಪ್ರಕಟವಾಯಿತು: ವಾಹಕರು ವಾಹಕರನ್ನೇ ವರಿಸುವುದು ತಪ್ಪಲಿಲ್ಲ, ಕಳಂಕವು ಮಾತ್ರ ಅಂಟಿತು.

ಹಾಗಾದರೆ ತಿಳಿದು ಮಾಡಿದ ನಿರ್ಧಾರವನ್ನು ಅಳೆಯುವ ಬಗೆ ಯಾವುದು? ಇಂಗ್ಲೆಂಡಿನ ತೆರೇಸಾ ಮಾರ್ಟೋ ಮತ್ತು ಸಹಕಾರಿಗಳು 2001ರಲ್ಲಿ ಇದಕ್ಕೊಂದು ಮಾನವನ್ನು ರಚಿಸಿದರು. ಸ್ತ್ರೀಗೆ ವಿಷಯವು ತಿಳಿದಿದೆಯೇ? ಆ ಪರೀಕ್ಷೆಯ ಬಗೆಗೆ ಅವಳ ಮನಸ್ಸು ಏನೆನ್ನುತ್ತದೆ? ಅವಳು ಮಾಡಿದುದು ಆ ಮನಸ್ಸಿಗೆ ಒಪ್ಪುವಂಥದೇ? ಮೂರೂ ಕೂಡಿದರೆ ಅದು ತಿಳಿದು ಮಾಡಿದ ಆಯ್ಕೆ. ಈ ತಕ್ಕಡಿಯಲ್ಲಿ ತಿಳಿದು ನಿರಾಕರಿಸಿದವಳೂ ತಿಳಿದು ಒಪ್ಪಿದವಳೂ ಸಮಾನರು. ತಿಳಿಯದೆ ಒಪ್ಪಿದವಳ ರುಜುವಿಗೆ ತೂಕವಿಲ್ಲ.

ಹಳ್ಳಿಯ ಹೆಂಗಸರಿಗೆ ಇದೆಲ್ಲ ತಿಳಿಯದೆಂದು ಕೆಲವು ಅಧಿಕಾರಿಗಳು ಹೇಳಬಹುದು. ಸಾವಿರ ಬೀಡಿಗಳ ಲೆಕ್ಕವನ್ನು ತಪ್ಪದೆ ಇಡುವ ನಿಪ್ಪಾಣಿಯ ಸ್ತ್ರೀಗೆ ನಾಲ್ಕರಲ್ಲಿ ಒಂದು ಪಾಲೆಂದರೆ ತಿಳಿಯದೇ? ತಿಳಿಸುವವರ ಆಲಸ್ಯವನ್ನು ಕೇಳುವವರ ಅಜ್ಞಾನವೆಂದು ಕರೆಯುವುದು ನ್ಯಾಯವಲ್ಲ. ಕಾಯಿದೆಯಾದರೂ ಏನೆನ್ನುತ್ತದೆ? ಗರ್ಭದ ಕೂಸನ್ನೇ ಪರೀಕ್ಷಿಸುವುದಾದರೆ ಅಪಾಯಗಳನ್ನು ವಿವರಿಸಿ, ಗರ್ಭಿಣಿಗೆ ತಿಳಿಯುವ ಭಾಷೆಯಲ್ಲಿ ಅವಳ ಲಿಖಿತ ಸಮ್ಮತಿಯನ್ನು ಪಡೆದು, ಅದರ ಪ್ರತಿಯನ್ನು ಅವಳಿಗೆ ಕೊಡತಕ್ಕದ್ದೆಂದು 1994ರ ಕಾಯಿದೆಯು ವಿಧಿಸಿದೆ. ಬುದ್ಧಿ ಸ್ವಾಧೀನವಿರುವ ಪ್ರಾಪ್ತ ವಯಸ್ಕಳ ಪರವಾಗಿ ಹೆತ್ತ ತಾಯಿಯಿತ್ತ ಸಮ್ಮತಿಯೂ ಸಲ್ಲದೆಂದು ಸುಪ್ರೀಂ ಕೋರ್ಟು 2008ರಲ್ಲಿ ಸಮೀರಾ ಕೊಹ್ಲಿಯವರ ಮೊಕದ್ದಮೆಯಲ್ಲಿ ತೀರ್ಪಿತ್ತಿದೆ. ತಾಯಿಯದೇ ಸಲ್ಲದಿದ್ದರೆ ಅತ್ತೆಯದು ಸಲ್ಲುವುದೆಂತು? ಮೊದಲ ರಕ್ತಪರೀಕ್ಷೆಗೂ ಇದೇ ನ್ಯಾಯವು ಒಪ್ಪತಕ್ಕದ್ದು.

ಆದುದರಿಂದ ಆರೋಗ್ಯಾಧಿಕಾರಿಗಳಲ್ಲಿ ನಮ್ಮ ವಿನಂತಿಯಿಷ್ಟು. ರಕ್ತ ತೆಗೆಯುವ ಮೊದಲು ಸ್ತ್ರೀಯನ್ನು ಒಬ್ಬಳನ್ನೇ ಕೂಡಿಸಿ, ಅವಳ ಮಾತಿನಲ್ಲಿಯೇ ವಿಷಯವನ್ನು ಹೇಳಲಿ. ಬಾಯಿಮಾತಿನಿಂದಲೇ ನಾಲ್ಕು ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ಬರೆದುಕೊಳ್ಳಲಿ. ಅವಳು ವಾಹಕಳಾದರೆ ಗಂಡನ ಪರೀಕ್ಷೆಗೆ ತಡಮಾಡದಿರಲಿ. ಫಲಿತಾಂಶವು ಅವಳ ಕೈಯಲ್ಲಿರಲಿ, ಓಣಿಯ ಬಾಯಲ್ಲಲ್ಲ. ವರ್ಷಾಂತ್ಯದ ವರದಿಯಲ್ಲಿ ಪರೀಕ್ಷೆಗಳ ಅಂಕಿಯ ಪಕ್ಕದಲ್ಲಿ ತಿಳಿದು ನಿರ್ಧರಿಸಿದವರ ಅಂಕಿಯೂ ಇರಲಿ. ಎರಡನೆಯದು ಮೊದಲನೆಯದಕ್ಕಿಂತ ಬಹಳ ಚಿಕ್ಕದಾಗಿದ್ದರೆ ನಾಚಬೇಕಾದವಳು ಆ ಬಸುರಿಯಲ್ಲ.