ಕಾವೇರಿಯ ಗಂಡನನ್ನು ಯಾರೂ ಕೇಳಲಿಲ್ಲ



ಮೊನ್ನೆ ಪಿರಿಯಾಪಟ್ಟಣದಲ್ಲಿ ನಮ್ಮ ಓರಗಿತ್ತಿಯ ಮನೆಯಲ್ಲಿ ಹಪ್ಪಳ ಒತ್ತುತ್ತಾ ಕೂತಿದ್ದೆವು. ಟೀವಿಯಲ್ಲಿ ‘ಶರಪಂಜರ’ ಬಂತು. ಎಲ್ಲರ ಲಟ್ಟಣಿಗೆಯೂ ನಿಂತಿತು ನೋಡಿ!

ನಮ್ಮ ಸೀಮೆಯವರು ತೆಗೆದ ಚಿತ್ರ ಅನ್ನೋ ಅಭಿಮಾನ ಬೇರೆ. ಪುಟ್ಟಣ್ಣನವರು ಇದೇ ತಾಲ್ಲೂಕಿನ ಕಣಗಾಲಿನವರು. ತ್ರಿವೇಣಿಯವರ ಕಾದಂಬರಿಯನ್ನು 1971ರಲ್ಲಿ ತೆರೆಗೆ ತಂದರು.

ಕಾವೇರಿಯಾಗಿ ಕಲ್ಪನಾ, ಸತೀಶನಾಗಿ ಗಂಗಾಧರ್. ಮೆಚ್ಚಿ ಮದುವೆಯಾದ ಜೋಡಿ. ಕೊಡಗಿನಲ್ಲಿ ಅವರ ಓಡಾಟ, ಹಾಡು ನೋಡಿದರೆ ಹುಣಸೂರಿನಲ್ಲಿ ಮಡಿಕೇರಿ ಬಸ್ಸು ಹತ್ತಿಬಿಡೋಣ ಅನ್ನಿಸುತ್ತೆ. ಆದರೆ ಎರಡನೇ ಹೆರಿಗೆಯಾದ ಮೇಲೆ ಅವಳ ಮನಸ್ಸು ಕೆಡುತ್ತದೆ. ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಬಂದರೆ, ವಾಸಿಯಾಗಿದೆ ಅಂತ ನಂಬುವವರೇ ಇಲ್ಲ. ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ಅಷ್ಟರಲ್ಲಿ ಗಂಡ ಆಫೀಸಿನ ಹೆಂಗಸಿನ ಸಹವಾಸ ಹಿಡಿದಿದ್ದಾನೆ. ಅದು ತಿಳಿದು ಅವಳು ಮತ್ತೆ ಕುಸಿಯುತ್ತಾಳೆ.

ತ್ರಿವೇಣಿಯವರು ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದ್ದವರು. 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು, ಪಾಪ. ಬಾಣಂತಿ ನಿದ್ದೆ ಬಿಟ್ಟು ಅಳುತ್ತಿದ್ದರೆ, ಮಗುವನ್ನು ಮುಟ್ಟದೆ ಕೂತರೆ, ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸಿ ಕೂರಬೇಡಿ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. 14416ಕ್ಕೆ ಫೋನ್ ಮಾಡಿದರೂ ಕಾಸಿಲ್ಲದೆ ಕನ್ನಡದಲ್ಲೇ ಮಾತಾಡುತ್ತಾರೆ.

ಸತೀಶ ಸಿನಿಮಾದ ಕೇಡಿಯ ಹಾಗೆ ಮೀಸೆ ತಿರುವುವವನಲ್ಲ. ನಮ್ಮ ನಿಮ್ಮ ಬೀದಿಯಲ್ಲೇ ಇರುವಂಥ ಮರ್ಯಾದಸ್ಥ. ನನಗೆ ಸಿಟ್ಟು ಬರುವುದೂ ಅದಕ್ಕೇ. ಅವನ ಪ್ರೀತಿ ಸುಳ್ಳಾಗಿರಲಿಲ್ಲ. ಹೆಂಡತಿ ಗೆಲುವಾಗಿದ್ದಷ್ಟು ದಿನ ಬಾಳಿತು, ಅಷ್ಟೆ. ಅವಳ ಕಾಯಿಲೆ ಊರಿಗೆಲ್ಲಾ ಸುದ್ದಿ, ಇವನ ಕಳ್ಳಾಟ ಯಾರ ಕಣ್ಣಿಗೂ ಕುಕ್ಕಲಿಲ್ಲ.

ನಮ್ಮ ಚಿಕ್ಕತ್ತೆಯವರು ಗೋಡೆಗೆ ಒರಗಿಕೊಂಡು, “ಮನೇಲಿ ಹೆಂಡ್ತಿ ಹಿಂಗಿದ್ರೆ ಗಂಡಸು ತಾನೆ ಏನ್ ಮಾಡ್ತಾನೆ?” ಅಂದರು.

ಓರಗಿತ್ತಿ ಮೆಲ್ಲಗೆ ಕೇಳಿದಳು: “ಅವನೇ ಆಸ್ಪತ್ರೆ ಸೇರಿ, ಇವಳು ಹಂಗೆ ಮಾಡಿದ್ದಿದ್ರೆ, ಹಿಂಗೇ ಅಂತಿದ್ರಾ ಚಿಕ್ಕತ್ತೆ?”

ಚಿಕ್ಕತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಹಿಟ್ಟು ಒಣಗ್ತಾ ಇದೆ, ಒತ್ರಮ್ಮಾ” ಅಂದರು.