ಅರಣ್ಯ ಸಚಿವರಿಗೆ: ನಮ್ಮನ್ನು ಜೀಪಿನಿಂದ ಇಳಿಸಿ

ಮಾನ್ಯ ಅರಣ್ಯ ಸಚಿವರಿಗೆ,

ಕಲಘಟಗಿ ತಾಲ್ಲೂಕಿನ ದೇವಿಕೊಪ್ಪದಿಂದ ಬರೆಯುತ್ತಿದ್ದೇನೆ.

ಮದುವೆ, ಸೀಮಂತ, ಜಾವಳದ ಫೋಟೊ ತೆಗೆದು ಹೊಟ್ಟೆ ಹೊರೆಯುವವ ನಾನು. ಮುಹೂರ್ತ ಇಲ್ಲದ ದಿನಗಳಲ್ಲಿ ಕ್ಯಾಮೆರಾ ಹೆಗಲಿಗೇರಿಸಿ ಕಾಡಿನ ದಾರಿ ಹಿಡಿಯುತ್ತೇನೆ. ಹುಲಿ ಹುಡುಕಿಕೊಂಡಲ್ಲ. ನನಗೆ ಬೇಕಾದದ್ದು ಕಣಿವೆ, ಹೊಳೆ, ಮಂಜು, ಗುಡ್ಡದ ಮೈಮೇಲೆ ಬೀಳುವ ಮೊದಲ ಬಿಸಿಲು. ವಾಪಸ್ ಬಂದಾಗ ಊರವರು ಕೇಳುವುದು ಮಾತ್ರ ಒಂದೇ: "ಹುಲಿ ಕಂಡಿತೇನ್ರಿ?"

ನಮ್ಮ ಜಿಲ್ಲೆಯಲ್ಲಿ ರಾಷ್ಟ್ರೀಯ ಉದ್ಯಾನ ಇಲ್ಲ. 1997ರಲ್ಲಿ ಧಾರವಾಡ ಜಿಲ್ಲೆ ಒಡೆದಾಗ ರಾಣೆಬೆನ್ನೂರಿನ ಕೃಷ್ಣಮೃಗಗಳು ಹಾವೇರಿಗೆ ಹೋದವು, ಕಪ್ಪತಗುಡ್ಡ ಗದಗಿಗೆ ಹೋಯಿತು. ಊರ ಸುತ್ತಲಿನ ಸಾಗವಾನಿ, ಮತ್ತಿಯ ಕಾಡು, ಅದರ ಅಂಚಿಗೆ ಹತ್ತಿದ ಗೋವಿನಜೋಳದ ಹೊಲ ನಮಗೆ ಉಳಿದವು. ಬೆಳಕು ನೋಡುವುದನ್ನು ನಾನು ಕಲಿತದ್ದು ಇಲ್ಲೇ. ದೊಡ್ಡ ಕಾಡು ಬೇಕೆಂದರೆ ದಾಂಡೇಲಿ, ಜೋಯಿಡಾ ಕಡೆಗೆ ಮುಖ ಮಾಡಬೇಕು. 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನವಾಯಿತು. 2007ರಲ್ಲಿ ದಾಂಡೇಲಿ ಅಭಯಾರಣ್ಯದ ಜತೆ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದನ್ನು 2015ರಿಂದ ಕಾಳಿ ಎನ್ನುತ್ತೇವೆ. ಕಾಡು ದಟ್ಟವಾದ್ದರಿಂದ ಅಲ್ಲಿ ಪ್ರಾಣಿ ಕಣ್ಣಿಗೆ ಬೀಳುವುದು ಅಪರೂಪ. ನೋಟಕ್ಕೆ ಮಾತ್ರ ಬರವಿಲ್ಲ.

ಆದರೆ ರಾಜ್ಯದ ಬಹುತೇಕ ಉದ್ಯಾನಗಳಲ್ಲಿ ನಮ್ಮಂಥವರಿಗೆ ಸಿಗುವುದು ಸಫಾರಿ ಜೀಪಿನ ಸೀಟು. ಅದರಲ್ಲಿ ಕೂತು ಪ್ರಕೃತಿಯ ಚಿತ್ರ ತೆಗೆಯುವುದು ಹೇಗೆಂದು ಸ್ವಲ್ಪ ವಿವರಿಸುತ್ತೇನೆ. ಸೂರ್ಯ ಹುಟ್ಟುವ ಹೊತ್ತಿಗೆ ಕಾಡಿನಲ್ಲಿ ಬೆಳಕು ಕಡಿಮೆ. ಹತ್ತಿರದ ಕಲ್ಲಿನಿಂದ ದೂರದ ಗುಡ್ಡದವರೆಗೆ ಎಲ್ಲವೂ ಸ್ಪಷ್ಟವಾಗಿ ಬರಬೇಕೆಂದರೆ ಲೆನ್ಸಿನ ಕಿಂಡಿಯನ್ನು ಕಿರಿದು ಮಾಡಬೇಕು. ಆಗ ಶಟರ್ ಅರ್ಧ ಸೆಕೆಂಡಾದರೂ ತೆರೆದಿರಬೇಕು. ಟ್ರೈಪಾಡಿನ ಮೂರೂ ಕಾಲು ನೆಲ ಕಚ್ಚಿ ನಿಲ್ಲದೆ ಇದು ಆಗದ ಮಾತು. ಜೀಪಿನಲ್ಲೋ, ಎಂಜಿನ್ ಬಂದ್ ಮಾಡಿದರೂ ಹಿಂದಿನ ಸೀಟಿನವರು ಮಗ್ಗುಲು ಬದಲಿಸಿದರೆ ಚಿತ್ರ ಅಲುಗುತ್ತದೆ. ಅಷ್ಟರಲ್ಲಿ ಎಲ್ಲೋ ಮುಸಿಯ ಕೂಗುತ್ತದೆ, ಹುಲಿಯ ಸುಳಿವೆಂದು ಡ್ರೈವರ್ ಗೇರ್ ಹಾಕುತ್ತಾರೆ. ಮಂಜು ತುಂಬಿದ ಕಣಿವೆ ಎಡಕ್ಕೆ ಸರಿದು ಹಿಂದೆ ಉಳಿಯುತ್ತದೆ. "ಒಂದ್ ನಿಮಿಷ ನಿಲ್ಲಸ್ರಿ" ಎಂದರೆ ಉಳಿದವರ ಮುಖ ಗಂಟಿಕ್ಕುತ್ತದೆ. ಅವರದೂ ತಪ್ಪಿಲ್ಲ, ಹುಲಿ ನೋಡಲು ದುಡ್ಡು ಕೊಟ್ಟು ಬಂದವರು.

ಕಾನೂನು ನಮ್ಮನ್ನು ಹೀಗೆ ಒಂದೇ ಜೀಪಿಗೆ ತುಂಬಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಕಲಮು ಅಭಯಾರಣ್ಯ ಪ್ರವೇಶಕ್ಕೆ ಯಾವ ಯಾವ ಉದ್ದೇಶಕ್ಕೆ ಪರವಾನಗಿ ಕೊಡಬಹುದೆಂದು ಹೇಳುತ್ತದೆ. ಅದರಲ್ಲಿ ಛಾಯಾಗ್ರಹಣ ಒಂದು, ಪ್ರವಾಸ ಇನ್ನೊಂದು. ಎರಡೂ ಬೇರೆ ಬೇರೆ. ಇದೇ ಕಲಮು 35ನೇ ಕಲಮಿನ ಮೂಲಕ ರಾಷ್ಟ್ರೀಯ ಉದ್ಯಾನಗಳಿಗೂ ಅನ್ವಯಿಸುತ್ತದೆ. ಕಾಡಿಗಾಗಲೀ ಪ್ರಾಣಿಗಳಿಗಾಗಲೀ ತೊಂದರೆ ಆಗಬಾರದೆಂದು 2022ರ ತಿದ್ದುಪಡಿ ಷರತ್ತು ಹಾಕಿತು, ಸರಿಯಾಗಿಯೇ ಹಾಕಿತು. ಅಂದರೆ ಹೊಸ ಕಾಯ್ದೆ ಬೇಕಿಲ್ಲ. ಇರುವ ಕಲಮನ್ನು ಹಳ್ಳಿಯ ಸ್ಟುಡಿಯೋದವನೂ ಬಳಸುವಂತೆ ಒಂದು ಸುತ್ತೋಲೆ ಸಾಕು.

ನಾನು ಕೇಳುವುದು ಇಷ್ಟು: ಉದ್ಯಾನದ ಹೊರ ಅಂಚಿನಲ್ಲಿ, ಈಗಾಗಲೇ ಇರುವ ರಸ್ತೆ ಅಥವಾ ವೀಕ್ಷಣಾ ಗೋಪುರದ ಬಳಿ, ನಾವು ಇಳಿದು ಟ್ರೈಪಾಡ್ ಊರಲು ಎರಡೋ ಮೂರೋ ಜಾಗಗಳನ್ನು ನಿಮ್ಮ ಅಧಿಕಾರಿಗಳೇ ಗುರುತಿಸಲಿ. ಒಂದು ಸಲಕ್ಕೆ ಹೆಸರು ಬರೆಸಿದ ನಾಲ್ಕು ಜನರಿಗಿಂತ ಹೆಚ್ಚು ಬೇಡ. ಒಬ್ಬ ವಾಚರ್ ಜತೆಗಿರಲಿ, ಅವರ ಭತ್ಯೆ ನಾವೇ ಕಟ್ಟುತ್ತೇವೆ. ಡ್ರೋನ್ ಬೇಡವೇ ಬೇಡ. ಆನೆ ಓಡಾಟವಿದ್ದ ದಿನ "ಇವತ್ತಿಲ್ಲ" ಎಂದರೆ ಮರುಮಾತಾಡದೆ ವಾಪಸ್ ಬರುತ್ತೇವೆ. ಇಂದು ನಾಲ್ವರು ಬಂದರೆ ನಾಳೆ ರೀಲ್ಸ್ ಮಾಡುವವರ ಜಾತ್ರೆ ನೆರೆಯುತ್ತದೆಂಬ ಭಯ ನಿಮ್ಮವರಿಗಿದ್ದರೆ ಅದು ನನಗೂ ಇದೆ. ಜಾಗದ ಗುರುತು ಮೊಬೈಲಿನಲ್ಲಿ ಹಾಕಿದವರ ಪರವಾನಗಿ ರದ್ದು ಮಾಡಿ.

ಬದಲಿಗೆ ಇಲಾಖೆಗೂ ಲಾಭವಿದೆ. ಅದೇ ಜಾಗ, ಅದೇ ತಿಂಗಳು, ಅದೇ ಚೌಕಟ್ಟಿನಲ್ಲಿ ವರ್ಷವರ್ಷವೂ ತೆಗೆದ ಚಿತ್ರದ ಪ್ರತಿಯನ್ನು ನಾವು ಪುಕ್ಕಟೆ ಕೊಡುತ್ತೇವೆ. ಲಂಟಾನ ಎಷ್ಟು ಹಬ್ಬಿತು, ಹಿನ್ನೀರು ಎಲ್ಲಿಗೆ ಇಳಿಯಿತು, ಯಾವ ಗುಡ್ಡ ಕುಸಿಯಿತು ಎಂಬುದಕ್ಕೆ ಅದಕ್ಕಿಂತ ಅಗ್ಗದ ದಾಖಲೆ ಸಿಗಲಾರದು.

ಇದು ಬರೀ ಹವ್ಯಾಸಿಗಳ ಶೋಕಿ ಎಂದು ನಿಮ್ಮ ಕಚೇರಿಯಲ್ಲಿ ಯಾರಾದರೂ ಅಂದರೆ ಅಮೆರಿಕದ ಕಾರ್ಲ್‌ಟನ್ ವಾಟ್ಕಿನ್ಸ್ ಹೆಸರು ಹೇಳಿ. 1861ರಲ್ಲಿ ಆತ ಭಾರೀ ಗಾಜಿನ ಫಲಕಗಳನ್ನು ಹೇಸರಗತ್ತೆಗಳ ಮೇಲೆ ಹೇರಿಕೊಂಡು ಯೊಸೆಮಿಟಿ ಕಣಿವೆಗೆ ಹೋದ. ಆ ಚಿತ್ರಗಳ ಪ್ರಭಾವವೂ ಸೇರಿ 1864ರಲ್ಲಿ ಲಿಂಕನ್ ಆ ಕಣಿವೆಯನ್ನು ಕಾಪಾಡುವ ಕಾನೂನಿಗೆ ಸಹಿ ಹಾಕಿದರು, ಕಣಿವೆಯನ್ನು ಕಣ್ಣಾರೆ ಕಾಣದೆಯೇ. ನಮ್ಮಲ್ಲೂ ಸಂಡೂರಿನ ಎಂ.ವೈ. ಘೋರ್ಪಡೆ ಇದ್ದರಲ್ಲ! ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಸಚಿವರಾಗಿದ್ದವರು, ಕಾಡಿನ ಕಪ್ಪು-ಬಿಳುಪು ಚಿತ್ರಗಳಿಗೂ ಅಷ್ಟೇ ಹೆಸರಾದವರು. ವಿಧಾನಸೌಧಕ್ಕೆ ಟ್ರೈಪಾಡ್ ಅಪರಿಚಿತವೇನಲ್ಲ.

ಮಳೆಗಾಲ ಮುಗಿದ ಮೇಲೆ ಕಾಳಿ ಕಣಿವೆಯಲ್ಲಿ ಮಂಜು ಕೂರಲು ಶುರುವಾಗುತ್ತದೆ. ಅದಕ್ಕೆ ಮೊದಲೇ ಪ್ರಯೋಗಕ್ಕೆಂದು ಒಂದು ಜಾಗವನ್ನಾದರೂ ಒಂದು ಹಂಗಾಮಿಗೆ ತೆರೆಯಿಸಿ. ಹಂಗಾಮಿನ ಕೊನೆಗೆ ನಿಮ್ಮ ವಲಯ ಅರಣ್ಯಾಧಿಕಾರಿಯ ವರದಿ ತರಿಸಿಕೊಳ್ಳಿ. ತೊಂದರೆಯಾಯಿತೆಂದು ಅವರು ಬರೆದರೆ ಮುಚ್ಚಿಸಿಬಿಡಿ, ನಾನು ಇನ್ನೊಂದು ಪತ್ರ ಬರೆಯುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ದೇವಿಕೊಪ್ಪದ ಒಬ್ಬ ಫೋಟೊಗ್ರಾಫರ್